ಶ್ವೇತ ಲಂಡನ್ ನೋಡಿದ ಶನಿವಾರ

ಲಂಡನ್ನಿಗೆ ಬಂದ ಮೂರನೆಯ ದಿನ ಆಶಾರಾಣಿ ಎರಡಂತಸ್ತಿನ ಕೆಂಪು ಬಸ್ಸಿನ ಮೇಲಕ್ಕೆ ಹತ್ತಿ, ಎಲ್ಲರಿಗಿಂತ ಮುಂದಿನ ಸೀಟು ಹಿಡಿದು, ಊರಿನಲ್ಲಿದ್ದ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದಳು. ಅಪ್ಪ ಹುಚ್ಚೀರಯ್ಯ ಮಂಡ್ಯ ಡಿಪೋದ ಬಸ್ ಡ್ರೈವರ್. ಇಪ್ಪತ್ತೆಂಟು ವರ್ಷದಿಂದ ಮಂಡ್ಯ, ಬಸರಾಳು, ನಾಗಮಂಗಲದ ರಸ್ತೆಯಲ್ಲಿ ಸ್ಟೇರಿಂಗ್ ತಿರುಗಿಸಿದವನು. ಡ್ಯೂಟಿ ಮುಗಿಸಿ ಬಂದು, ಖಾಕಿ ಅಂಗಿಯ ಗುಂಡಿ ಬಿಚ್ಚುತ್ತಿದ್ದವನು ಹಾಗೇ ಜಗುಲಿಯ ಮೇಲೆ ಕೂತುಬಿಟ್ಟ.

"ಡ್ರೈವರೆಲ್ಲಮ್ಮಾ?" ಎಂಬುದು ಅವನ ಮೊದಲ ಪ್ರಶ್ನೆ.

"ಕೆಳಗವ್ನೆ ಕಣಪ್ಪ. ನಾನು ಅವನ ನೆತ್ತಿ ಮೇಲೆ ಕೂತಿವ್ನಿ."

"ಅಂಗಾದ್ರೆ ನಿನ್ ಮುಂದೆ ಏನೂ ಇಲ್ವಾ? ಬರೀ ಗಾಜಾ?"

"ಬರೀ ಗಾಜು."

"ಲೇ ರೇವಾ, ಬಾ ಇಲ್ಲಿ! ಮಗ್ಳು ಆಕಾಸದಲ್ಲಿ ಬಸ್ ಓಡಿಸ್ತಾವ್ಳೆ ನೋಡು!" ಎಂದು ಹೆಂಡತಿ ರೇವಮ್ಮನನ್ನು ಕೂಗಿದ. ಅಷ್ಟರಲ್ಲಿ ರಸ್ತೆ ಬದಿಯ ಮರದ ಕೊಂಬೆಯೊಂದು ಬಸ್ಸಿನ ಗಾಜಿಗೆ ಪಟಾರನೆ ಬಡಿಯಿತು. ಬಸರಾಳಿನ ಪಕ್ಕದ ಹಳ್ಳಿಯಲ್ಲಿ ಕೂತಿದ್ದ ಹುಚ್ಚೀರಯ್ಯ "ತಲೆ ತಗ್ಸಮ್ಮಾ!" ಎಂದು ಅರಚಿ ತಾನೇ ತಲೆ ತಗ್ಗಿಸಿದ. ಫೋನು ಕೈಜಾರಿ ಬಿತ್ತು. ಆಶಾರಾಣಿ ನಕ್ಕ ರಭಸಕ್ಕೆ ಹಿಂದಿನ ಸೀಟಿನ ಮುದುಕ ಕೂಡ ನಕ್ಕ.

ಅವಳು ಬಂದಿದ್ದೂ ಬಸ್ಸುಗಳ ಸಲುವಾಗಿಯೇ. ಮಂಡ್ಯದಲ್ಲಿ ಎಂಜಿನಿಯರಿಂಗ್ ಮುಗಿಸಿ, ನಗರ ಸಾರಿಗೆಯ ವಿಷಯದಲ್ಲಿ ಒಂದು ವರ್ಷದ ಎಂ.ಎಸ್ಸಿ. ಓದಲು ಸೆಪ್ಟೆಂಬರಿನಲ್ಲಿ ಬಂದಿಳಿದಿದ್ದಳು. ಹೊರದೇಶದಲ್ಲಿ ಓದುವ ಪರಿಶಿಷ್ಟ ಜಾತಿಯ ಮಕ್ಕಳಿಗೆ ಸರ್ಕಾರ ಕೊಡುವ ವಿದ್ಯಾರ್ಥಿವೇತನ ಸಿಕ್ಕಿತ್ತು. ಅವರ ಹಳ್ಳಿಯ ಕಾಲೋನಿಯಿಂದ ವಿಮಾನ ಹತ್ತಿದವಳು ಇವಳೇ ಮೊದಲು.

ಮನೆ ಸಿಕ್ಕಿದ್ದು ಲೇಟನ್ ಎಂಬ ಬಡಾವಣೆಯಲ್ಲಿ. ಕೆಳಗೆ ಬೂಟು ರಿಪೇರಿ ಮಾಡಿ, ಬೀಗದ ಕೈ ಕಡೆದು ಕೊಡುವ ಅಂಗಡಿ. ಅದರ ಮೇಲೆ ಎರಡು ಪುಟ್ಟ ಕೋಣೆ, ಇಬ್ಬರು ಒಟ್ಟಿಗೆ ನಿಂತರೆ ಮೊಣಕೈ ತಾಗುವ ಅಡುಗೆಮನೆ. ಜೊತೆಗಾತಿ ಶ್ವೇತ ಮಳವಳ್ಳಿ ತಾಲ್ಲೂಕಿನವಳು, ಬಂಡೂರಿಗೆ ಹತ್ತಿರದ ಊರು. ಒಕ್ಕಲಿಗರ ಮನೆ, ಕಬ್ಬು, ಭತ್ತ, ಅದರ ಜೊತೆಗೆ ಅವಳ ಅಜ್ಜಿ ಬೆಟ್ಟಮ್ಮ ಮುದ್ದಿನಿಂದ ಸಾಕುವ ಕುರಿಗಳು. ಶ್ವೇತ ಓದುತ್ತಿದ್ದುದು ಆಹಾರ ವಿಜ್ಞಾನ. ಕರ್ನಾಟಕದ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವಳು "ಮಂಡ್ಯ ಜಿಲ್ಲೆಯವರು ಯಾರಾದರೂ ಇದ್ದೀರಾ? ರೂಮ್ ಇದೆ" ಎಂದು ಹಾಕಿದ ಒಂದು ಸಾಲಿನಿಂದ ಇಬ್ಬರೂ ಒಂದಾಗಿದ್ದರು.

ಎರಡನೆಯ ಸಂಜೆಯೇ ಆಶಾರಾಣಿ ತಾನು ಯಾವ ವಿದ್ಯಾರ್ಥಿವೇತನದ ಮೇಲೆ ಬಂದಿದ್ದೇನೆಂದು ಹೇಳಿಬಿಟ್ಟಿದ್ದಳು. ಮುಂದೆ ತಿಳಿದು ಮುಖ ತಿರುಗುವುದಕ್ಕಿಂತ ಈಗಲೇ ತಿಳಿಯಲಿ ಎಂದು. ಶ್ವೇತ ಮುದ್ದೆ ತಿರುವುತ್ತಿದ್ದವಳು ತಲೆ ಎತ್ತಲಿಲ್ಲ. "ಅದ್ಕೇನೀಗ? ತಟ್ಟೆ ಇಡು, ಬಿಸಿ ಆರೋಯ್ತದೆ" ಅಂದಳು. ಅವತ್ತಿನಿಂದ ಇಬ್ಬರ ಅಡುಗೆಯೂ ಒಂದೇ ಒಲೆಯ ಮೇಲೆ, ಒಂದೇ ಪಾತ್ರೆಯಲ್ಲಿ. ಒಬ್ಬಳು ಮಾಡಿದರೆ ಇನ್ನೊಬ್ಬಳು ತೊಳೆಯುವುದು.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಶ್ವೇತಳಿಗೆ ಊರಿನಿಂದ ಎಂದಿನಂತೆ ಅಜ್ಜಿಯ ವಿಡಿಯೊ ಕಾಲ್ ಬಂತು. ಫೋನನ್ನು ಅಕ್ಕಿ ಡಬ್ಬಕ್ಕೆ ಆನಿಸಿಟ್ಟು ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಆಶಾರಾಣಿ ಅವಳ ಬೆನ್ನ ಹಿಂದೆ, ಸೌಟು ಹಿಡಿದು ಸಾರಿನ ಮುಂದೆ ನಿಂತಿದ್ದಳು.

"ಜೊತೇಲವ್ಳಲ್ಲ ಆ ಮಗಿ, ಯಾರ ಪೈಕಿಯಂತೆ?" ಎಂದು ಬೆಟ್ಟಮ್ಮ ಕೇಳಿದಳು.

ಈರುಳ್ಳಿ ಹೆಚ್ಚುವ ಸದ್ದು ಒಂದು ಗಳಿಗೆ ನಿಂತಿತು.

"ನಮ್ಮೋರೇ ಕಣಜ್ಜಿ. ಬಸರಾಳು ಕಡೆ."

"ಅಂಗಾದ್ರೆ ಸರಿ ಬುಡು," ಅಂದಳು ಬೆಟ್ಟಮ್ಮ, ಮಾತು ಕುರಿಯ ಮರಿಯ ಕಡೆಗೆ ಹೊರಳಿತು.

ಆಶಾರಾಣಿ ಒಲೆ ಆರಿಸಿದಳು. ಕೋಟು ಹಾಕಿಕೊಂಡಳು. ತಿಂಗಳ ಬಸ್ ಪಾಸು ಜೇಬಿನಲ್ಲಿತ್ತು. ಮೆಟ್ಟಿಲಿಳಿದು ರಸ್ತೆಗೆ ಬಂದು, ಮೊದಲು ಬಂದ ಬಸ್ಸು ಯಾವುದೆಂದು ಕೂಡ ನೋಡದೆ ಹತ್ತಿ, ಮೇಲಿನ ಮುಂದಿನ ಸೀಟಿನಲ್ಲಿ ಕೂತಳು. ಕಣ್ಣು ಉರಿಯುತ್ತಿತ್ತು. ಬಸ್ಸು ಕೊನೆಯ ಸ್ಟಾಪಿಗೆ ಹೋಗಿ ನಿಂತಾಗ ಡ್ರೈವರ್ ಮೇಲೆ ಬಂದು, "ಇಲ್ಲಿಗೆ ಮುಗೀತು" ಎಂದ. ಇಳಿದು ನೋಡಿದರೆ ಉದ್ದಕ್ಕೆ ಒಂದು ಕಾಲುವೆ. ಅದರ ತುಂಬ ಸಾಲಾಗಿ ನಿಂತ ಕಿರಿದಾದ ದೋಣಿಗಳು, ದೋಣಿಯ ಮೇಲೆ ಹೂಕುಂಡ, ಸೈಕಲ್ಲು, ಹೊಗೆ ಉಗುಳುವ ಚಿಮಣಿ. ದೋಣಿಯೊಳಗೆ ಜನ ಸಂಸಾರ ಮಾಡುತ್ತಿದ್ದರು! ಒಬ್ಬಳು ಹೆಂಗಸು ಕಿಟಕಿಯಿಂದ ಕೈ ಚಾಚಿ ಬಾತುಕೋಳಿಗಳಿಗೆ ಬ್ರೆಡ್ಡು ಹಾಕುತ್ತಿದ್ದಳು. ಆಶಾರಾಣಿ ಒಂದು ಗಂಟೆ ಅಲ್ಲೇ ನಿಂತು ನೋಡಿದಳು. ಮನೆಯಿಂದ ಸಿಟ್ಟಿನಲ್ಲಿ ಹೊರಟವಳು ತಿರುಗಿ ಬರುವಾಗ, ಹೋದ ದಾರಿಯನ್ನೆಲ್ಲ ನಕ್ಷೆಯಲ್ಲಿ ಹುಡುಕುತ್ತ, ಮುಂದಿನ ಭಾನುವಾರ ಯಾವ ಬಸ್ಸು ಹಿಡಿಯಲಿ ಎಂದು ಯೋಚಿಸುತ್ತಿದ್ದಳು.

ಹೀಗೆ ಶುರುವಾಯಿತು. ಭಾನುವಾರ ಫೋನಿನ ಗಂಟೆ ಹೊಡೆದರೆ ಆಶಾರಾಣಿ ಬೂಟು ಮೆಟ್ಟಿಕೊಳ್ಳುತ್ತಿದ್ದಳು. ಆಮೇಲಾಮೇಲೆ ಫೋನು ಬಾರದ ದಿನಗಳಲ್ಲೂ ಹೊರಟಳು. ಊರಿನ ಒಂದು ತುದಿಯಲ್ಲಿ ಕೆರೆಯ ದಂಡೆಯ ಮೇಲೆ ಸಿಮೆಂಟಿನ ಡೈನೋಸಾರುಗಳು ಬಾಯಿ ತೆರೆದು ನಿಂತಿದ್ದವು. ಇನ್ನೊಂದು ತುದಿಯ ಗುಡ್ಡದ ಕೊಳದಲ್ಲಿ ಜನವರಿಯ ಚಳಿಗೆ ಹೆದರದೆ, ಅರವತ್ತು ದಾಟಿದ ಹೆಂಗಸರು ಧುಮುಕಿ ಈಜಿ, ಕೆಂಪಗಾಗಿ ಮೇಲೆದ್ದು ಫ್ಲಾಸ್ಕಿನ ಚಹಾ ಹಂಚಿಕೊಂಡರು. ಇವಳಿಗೂ ಒಂದು ಲೋಟ ಕೊಟ್ಟರು. ಥೇಮ್ಸ್ ನದಿ ಇಳಿತದಲ್ಲಿದ್ದಾಗ ಕೆಸರಿನಲ್ಲಿ ಮುನ್ನೂರು ವರ್ಷದ ಹಳೆಯ ಮಣ್ಣಿನ ಚಿಲುಮೆಗಳನ್ನು ಹುಡುಕುವವರನ್ನು ಕಂಡಳು. ಒಂದು ಸಂತೆಯಲ್ಲಿ ನಮ್ಮ ಸುವರ್ಣಗೆಡ್ಡೆಯ ಅಣ್ಣನಂಥ ಗೆಡ್ಡೆಯನ್ನು ಆಫ್ರಿಕಾದ ಅಮ್ಮನೊಬ್ಬಳು ಗರಗಸದಲ್ಲಿ ಕೊಯ್ದು ಮಾರುತ್ತಿದ್ದಳು. ಪ್ರತಿ ಸಲವೂ ಅಪ್ಪನಿಗೆ ಫೋಟೊ, ಬಸ್ಸಿನ ನಂಬರು. ಒಂದು ದಿನ ತರಗತಿಯಲ್ಲಿ ಪ್ರೊಫೆಸರು "ಕೊನೆಯಿಂದ ಕೊನೆಯವರೆಗೆ ಒಂದಾದರೂ ಮಾರ್ಗದಲ್ಲಿ ಪ್ರಯಾಣ ಮಾಡಿದವರು ಕೈ ಎತ್ತಿ" ಎಂದಾಗ ಆಶಾರಾಣಿ, "ನಲವತ್ತೊಂದು" ಎಂದಳು. ಅವರು ಕನ್ನಡಕ ತೆಗೆದು ಇವಳನ್ನು ನೋಡಿದರು. ಅವಳ ಪ್ರಬಂಧಕ್ಕೆ ಈ ಬಸ್ ಮಾರ್ಗಗಳೇ ವಿಷಯವೆಂದು ಅವತ್ತೇ ನಿಶ್ಚಯವಾಯಿತು.

ಶ್ವೇತಳ ಲಂಡನ್ ಮಾತ್ರ ಮೂರು ಜಾಗದ್ದು: ಮನೆ, ನೆಲದಡಿಯ ರೈಲು, ಕಾಲೇಜಿನ ಲ್ಯಾಬು. ಚಿಕ್ಕಂದಿನಿಂದ ಅವಳಿಗೆ ಬಸ್ಸು ಆಗುತ್ತಿರಲಿಲ್ಲ. ಮಳವಳ್ಳಿಯಿಂದ ಮೈಸೂರಿನ ಕಾಲೇಜಿಗೆ ಓಡಾಡಿದ ಅಷ್ಟು ವರ್ಷವೂ ಕಿಟಕಿಗೆ ತಲೆ ಕೊಟ್ಟು, ನಿಂಬೆಹಣ್ಣು ಮೂಸುತ್ತ ಹೋದವಳು. "ನೀನು ನೋಡ್ಕೊಂಡ್ ಬಂದು ಯೋಳು, ಸಾಕು" ಎನ್ನುತ್ತಿದ್ದಳು. ಆಶಾರಾಣಿ ಹೇಳುತ್ತಿದ್ದಳು ಕೂಡ. ಉಣ್ಣುತ್ತ, ಪಾತ್ರೆ ತೊಳೆಯುತ್ತ, ಕೈಯಲ್ಲಿ ಗಾಳಿಯಲ್ಲಿ ರಸ್ತೆ ಬರೆಯುತ್ತ. ಅಕ್ಟೋಬರಿನ ಆ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ.

ಜೂನ್ ಮೊದಲ ವಾರ ಶ್ವೇತ ಲ್ಯಾಬಿನಿಂದ ಓಡಿ ಬಂದು, ಮೆಟ್ಟಿಲಿನ ಕೆಳಗಿನಿಂದಲೇ ಕೂಗಿದಳು. "ಆಶಾ! ಸಿಕ್ತು ಕಣೆ!" ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಮಾಂಸದ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯವೊಂದು ಅವಳನ್ನು ತೆಗೆದುಕೊಂಡಿತ್ತು. ಉಳಿದ ಪ್ರಬಂಧವನ್ನು ಅಲ್ಲಿಯೇ ಕೂತು ಬರೆಯಬಹುದು. ಕುರಿಯ ಕೊಬ್ಬಿನ ಬಗ್ಗೆ ಸಂದರ್ಶನದಲ್ಲಿ ಕೇಳಿದಾಗ ಅವಳು ಅಜ್ಜಿಯ ಬಂಡೂರು ಕುರಿಗಳ ವಿಷಯ ಅರ್ಧ ಗಂಟೆ ಮಾತಾಡಿದ್ದಳಂತೆ. "ಅವ್ರು ಬಾಯ್ ಬುಟ್ಕೊಂಡ್ ಕೇಳಿದ್ರು ಆಶಾ!" ಇಬ್ಬರೂ ಅಡುಗೆಮನೆಯಲ್ಲಿ ಕೈ ಹಿಡಿದು ಕುಣಿದರು. ಕೆಳಗಿನ ಅಂಗಡಿಯವನು ಸೂರಿಗೆ ಕೋಲಿನಿಂದ ಕುಟ್ಟಿದ.

ಹೊರಡಬೇಕಾದದ್ದು ಹತ್ತೇ ದಿನದಲ್ಲಿ, ಭಾನುವಾರ. ಶುಕ್ರವಾರ ಸೂಟ್‌ಕೇಸ್ ತುಂಬುತ್ತ ಶ್ವೇತ ಇದ್ದಕ್ಕಿದ್ದಂತೆ ಕೂತುಬಿಟ್ಟಳು.

"ಅಲ್ಲ ಕಣೆ, ಅಲ್ಲಿ ಯಾರಾದ್ರೂ ಲಂಡನ್ ಎಂಗದೆ ಅಂತ ಕೇಳಿದ್ರೆ ಏನ್ ಯೋಳ್ಲಿ? ಒಂಬತ್ ತಿಂಗ್ಳು ಇದ್ದು ಏನೂ ನೋಡ್ನಿಲ್ವಲ್ಲ ನಾನು."

ಆಶಾರಾಣಿ ಕೈಯಲ್ಲಿದ್ದ ಬಟ್ಟೆ ಎಸೆದು ಎದ್ದು ನಿಂತಳು. "ನಾಳಿಕ್ ಬೆಳಗ್ಗೆ ಆರು ಗಂಟೆಗೆ ಎದ್ದೇಳು. ನಿಂಬೆಹಣ್ಣು ಇಟ್ಕೊ."

ಶನಿವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಐವತ್ತೈದನೇ ನಂಬರಿನ ಬಸ್ಸು ಬಂದಾಗ ಆಶಾರಾಣಿ ಶ್ವೇತಳನ್ನು ರಟ್ಟೆ ಹಿಡಿದು ಮೇಲಕ್ಕೆ ಹತ್ತಿಸಿ, ಮುಂದಿನ ಸೀಟಿಗೆ ನೂಕಿದಳು.

"ಇಲ್ ಬ್ಯಾಡ ಕಣೆ, ಬಿದ್ದೋಯ್ತೀನಿ ಅನ್ನಿಸ್ತದೆ."

"ಕೇಳಿಲ್ಲಿ. ನಮ್ಮಪ್ಪ ಯೋಳ್ಕೊಟ್ಟಿದ್ದು. ವಾಂತಿ ಬರೋರೆಲ್ಲ ಪಕ್ಕದ ಕಿಟಕೀಲಿ ನೋಡ್ತಾರೆ. ಅಲ್ಲೇ ಕೆಡೋದು. ಡ್ರೈವರಿಗೆ ಯಾವತ್ತಾದ್ರೂ ವಾಂತಿ ಬತ್ತದಾ? ಯಾಕಂದ್ರೆ ಅವನು ದೂರಕ್ ನೋಡ್ತಾನೆ. ಆ ರಸ್ತೆ ಕೊನೆಗೆ ಕಾಣ್ತದಲ್ಲ ಗೋಪುರ, ಅದ್ನೇ ನೋಡು. ನೀನೇ ಓಡಿಸ್ತಾ ಇದ್ದೀಯ ಅನ್ಕೊ."

ಶ್ವೇತ ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು ಗೋಪುರ ನೋಡಿದಳು. ಕ್ಲಾಪ್ಟನ್ ದಾಟಿತು, ಹ್ಯಾಕ್ನಿ ದಾಟಿತು. ಗೋಪುರ ಹತ್ತಿರ ಬಂದು ಹಿಂದೆ ಸರಿಯಿತು, ಮುಂದೆ ಇನ್ನೊಂದು ಕಂಡಿತು. ಶೋರ್ಡಿಚ್‌ನಲ್ಲಿ ಗೋಡೆಯಷ್ಟೆತ್ತರದ ಬಣ್ಣದ ಹಕ್ಕಿಯ ಚಿತ್ರ ಎದುರಾದಾಗ ಅವಳು ನಿಂಬೆಹಣ್ಣನ್ನು ಮಡಿಲಿಗೆ ಹಾಕಿಕೊಂಡು ಎರಡು ಕೈಯಲ್ಲೂ ಕಂಬಿ ಹಿಡಿದಳು. ಹೋಬರ್ನ್‌ನಲ್ಲಿ ಇಳಿದಾಗ ಅವಳ ಮುಖ ಬೆಳ್ಳಗಾಗಿರಲಿಲ್ಲ, ಕೆಂಪಗಾಗಿತ್ತು.

"ವಾಂತಿ ಆಗ್ಲೇ ಇಲ್ಲ ಕಣೆ!" ಎಂದು ಫುಟ್‌ಪಾತಿನ ನಡುವೆ ನಿಂತು ಕೂಗಿದಳು. "ಇನ್ನೊಂದ್ ಬಸ್ ಅತ್ತನ!"

ಇನ್ನೊಂದು ಬಸ್ಸು ನೂರ ಎಂಬತ್ತೆಂಟು. ಅದು ವಾಟರ್‌ಲೂ ಸೇತುವೆಯ ಮೇಲೆ ಏರಿದಾಗ ಇಡೀ ಊರು ಎರಡು ಕಡೆಗೂ ತೆರೆದುಕೊಂಡಿತು. ಎಡಕ್ಕೆ ಸೇಂಟ್ ಪಾಲ್ಸ್ ಚರ್ಚಿನ ಬೂದು ಗುಮ್ಮಟ, ಅದರ ಹಿಂದೆ ಗಾಜಿನ ಕಟ್ಟಡಗಳ ಗುಂಪು. ಬಲಕ್ಕೆ ಗಡಿಯಾರದ ಗೋಪುರ, ಜಾತ್ರೆಯ ತೊಟ್ಟಿಲಿನಂಥ ದೊಡ್ಡ ಚಕ್ರ. ಕೆಳಗೆ ಬಿಸಿಲಿಗೆ ಮಿರುಗುತ್ತ ನದಿ. ಶ್ವೇತಳ ಕತ್ತು ಎಡಕ್ಕೂ ಬಲಕ್ಕೂ ತಿರುಗಿ ತಿರುಗಿ ಸಾಕಾಗಿ, ಕೊನೆಗೆ ಎದ್ದೇ ನಿಂತಳು. ಅವಳ ಸಂಭ್ರಮ ಕಂಡು ಆಶಾರಾಣಿಗೆ ತಡೆಯಲಾಗಲಿಲ್ಲ. ಮಂಡ್ಯ ಸ್ಟ್ಯಾಂಡಿನ ಕಂಡಕ್ಟರ್ ರಾಗದಲ್ಲಿ ಶುರುಮಾಡಿದಳು.

"ಯಾರ್ರೀ ಗ್ರೀನಿಚ್, ಗ್ರೀನಿಚ್, ಗ್ರೀನಿಚ್! ಒಳಗ್ ನಡೀರಿ, ಒಳಗ್ ನಡೀರಿ! ಬಾಗ್ಲಲ್ಲಿ ನಿಂತ್ಕೊಬ್ಯಾಡ್ರಿ!"

"ಚಿಲ್ಲರೆ ಇಲ್ಲ ಕಂಡಕ್ಟ್ರೇ!" ಅಂದಳು ಶ್ವೇತ.

"ಇಳೀವಾಗ ಈಸ್ಕೊಳಮ್ಮ!"

ಹಿಂದೆ ಕೂತಿದ್ದ ಇಬ್ಬರು ಶಾಲೆಯ ಹುಡುಗಿಯರು ಅರ್ಥವಾಗದಿದ್ದರೂ ಬಿದ್ದು ಬಿದ್ದು ನಕ್ಕರು.

ಗ್ರೀನಿಚ್ಚಿನಲ್ಲಿ ಮೀನು, ಆಲೂಗೆಡ್ಡೆಯ ಪೊಟ್ಟಣ ಕಟ್ಟಿಸಿಕೊಂಡು ಗುಡ್ಡ ಹತ್ತಿದರು. ಕೆಳಗೆ ಇಡೀ ಲಂಡನ್ ಹರಡಿಕೊಂಡಿತ್ತು, ಕಣ್ಣು ಹೋಗುವವರೆಗೂ. ಆಶಾರಾಣಿ ಬೆರಳು ಚಾಚಿ ತೋರಿಸುತ್ತ ಹೋದಳು: ಆ ಕಡೆ ಡೈನೋಸಾರಿನ ಕೆರೆ, ಅಲ್ಲಿ ಕಾಲುವೆ, ಆ ಗೋಪುರದ ಹಿಂದೆ ನಮ್ಮ ಮನೆ. ಶ್ವೇತ ತಿನ್ನುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು.

"ಆಶಾ, ಒಂದ್ ಮಾತ್ ಕೇಳ್ಳಾ? ಬಾನ್ವಾರ ನಮ್ಮಜ್ಜಿ ಫೋನ್ ಬಂದೇಟ್ಗೆ ನೀನು ಆಚೆಗೋಗ್ಬುಡ್ತಿದ್ದೆ. ಬಸ್ ಉಚ್ಚು ಅನ್ಕೊಂಡಿದ್ದೆ ನಾನು. ಅಷ್ಟೇನಾ?"

ಅಷ್ಟೇ ಅಂದುಬಿಡಬಹುದಿತ್ತು. ದಿನ ಚೆನ್ನಾಗಿತ್ತು, ಮಾರನೆಯ ದಿನ ಅವಳು ಹೊರಡುವವಳಿದ್ದಳು. ಆದರೆ ಇನ್ನು ಹೇಳಲು ಬೇರೆ ದಿನವೂ ಇರಲಿಲ್ಲ.

"ಮೊದಲ್ನೇ ಸಲ ಬಸ್ ಉಚ್ಚಿಗೆ ಓಗ್ಲಿಲ್ಲ," ಅಂದಳು ಆಶಾರಾಣಿ. "ನಮ್ಮೋರೇ ಅಂದ್ಯಲ್ಲ ಅಜ್ಜಿಗೆ. ಅವತ್ ಓಗಿದ್ದು."

ಶ್ವೇತಳ ಕೈಯಲ್ಲಿದ್ದ ಪೊಟ್ಟಣ ಬಾಗಿತು. "ಕೇಳಿಸ್ಕೊಂಡಿದ್ಯಾ?"

"ನಿನ್ ಬೆನ್ನಿಂದೇನೆ ನಿಂತಿದ್ದೆ ಕಣೆ."

ಶ್ವೇತಳಿಗೆ ಮೊದಲು ಬಂದದ್ದು ಸಿಟ್ಟು. "ನಾನೇನ್ ಮಾಡ್ಬೇಕಾಗಿತ್ತು? ನಿಜ ಯೋಳಿದ್ರೆ ಅಜ್ಜಿ ಅವತ್ತೇ ನಮ್ಮಪ್ಪನ ಕೈಲಿ ಮನೆ ಬದಲಾಯ್ಸು ಅಂತ ಯೋಳಿಸೋದು. ನಂಗೆ ನಿನ್ ಜೊತೇಲೇ ಇರ್ಬೇಕಾಗಿತ್ತು. ಅದ್ಕೇ ಅಂಗಂದೆ!"

"ಗೊತ್ತು. ನೀನು ಕೆಟ್ಟೋಳು ಅಂತ ನಾ ಯಾವತ್ತೂ ಅನ್ಕಂಡಿಲ್ಲ. ಆದ್ರೆ ಕೇಳು. ನಮ್ಮಪ್ಪಾನೂ ನನ್ನ ಅದೇ ಕೇಳ್ದ, ಜೊತೇಲಿರೋ ಮಗಿ ಯಾರ ಪೈಕಿ ಅಂತ. ಮಳವಳ್ಳಿ ಕಡೆ ಗೌಡ್ರು ಅಂದೆ. ಚೆಂದಾಗ್ ನೋಡ್ಕೊತಾಳಾ ಅಂದ. ಊಂ ಅಂದೆ. ನಾನು ನಿಂದು ಬಚ್ಚಿಡ್ನಿಲ್ಲ ಸ್ವೇತ. ನೀನು ನಂದು ಬಚ್ಚಿಟ್ಟೆ. ಅಷ್ಟೇಯ."

ಶ್ವೇತ ಎದ್ದಳು. ಉಳಿದ ಮೀನಿನ ಪೊಟ್ಟಣ ಮಡಚಿ ಕಸದ ತೊಟ್ಟಿಗೆ ಹಾಕಿ ಬಂದಳು. ಗುಡ್ಡವನ್ನು ಆಶಾರಾಣಿಗಿಂತ ಹತ್ತು ಹೆಜ್ಜೆ ಮುಂದೆ ಇಳಿದಳು. ಮೂರನೆಯ ಬಸ್ಸಿನಲ್ಲಿ ಮುಂದಿನ ಸೀಟು ಖಾಲಿಯಿದ್ದರೂ ಅವಳು ಹಿಂದೆ ಹೋಗಿ ಕಿಟಕಿಗೆ ಆತು ಕೂತು, ನಿಂಬೆಹಣ್ಣನ್ನು ಮತ್ತೆ ಹೊರಗೆ ತೆಗೆದಳು. ಹೇಳಬಾರದಿತ್ತೇನೋ ಎಂದುಕೊಂಡಳು ಆಶಾರಾಣಿ. ಆದರೂ ಬೆನ್ನಿನಿಂದ ಮೂಟೆ ಇಳಿಸಿದ ಹಾಗೂ ಆಗಿತ್ತು.

ವೂಲಿಚ್‌ನಲ್ಲಿ ಇಳಿದು ನದಿಯ ದಡಕ್ಕೆ ನಡೆದರು. ಅಲ್ಲಿ ಆಶಾರಾಣಿ ಕೊನೆಗೆಂದು ಉಳಿಸಿಟ್ಟುಕೊಂಡಿದ್ದ ಸೋಜಿಗವಿತ್ತು. ಲಾರಿ, ಕಾರು, ಜನ ಎಲ್ಲವನ್ನೂ ಹೊತ್ತು ಥೇಮ್ಸ್ ದಾಟಿಸುವ ಹಡಗು. ಟಿಕೆಟ್ಟಿಲ್ಲ, ಪಾಸಿಲ್ಲ, ಯಾರು ಬೇಕಾದರೂ ಹತ್ತಬಹುದು.

"ಪುಕ್ಕಟೆನಾ?" ಶ್ವೇತ ಗ್ರೀನಿಚ್ಚಿನ ನಂತರ ಆಡಿದ ಮೊದಲ ಮಾತು ಅದು.

"ಪುಕ್ಕಟೆ."

"ಇಷ್ಟ್ ದೊಡ್ ಅಡ್ಗು?"

ಸಿಮೆಂಟ್ ಕಲಸುವ ಲಾರಿಯೊಂದು ಗುಡುಗುತ್ತ ಹಡಗಿನೊಳಗೆ ಹೋಯಿತು. ಅದರ ಪಕ್ಕದ ದಾರಿಯಲ್ಲಿ ಇವರಿಬ್ಬರು. ಕಂಬಿಯ ಹತ್ತಿರ ನಿಂತಾಗ ಗಾಳಿ ಕೂದಲನ್ನೆಲ್ಲ ಮುಖಕ್ಕೆ ಎರಚಿತು. ಎಂಜಿನ್ ಶುರುವಾಗಿ ಕಾಲಡಿಯ ಕಬ್ಬಿಣ ಅದುರಿತು. "ಮುತ್ತತ್ತೀಲಿ ತೆಪ್ಪ ಅತ್ತಿದ್ದೆ, ಚಿಕ್ಕೋಳಿದ್ದಾಗ," ಅಂದಳು ಶ್ವೇತ. "ನಡು ಒಳೇಲಿ ಗಿರಗಿರ ತಿರುಗಿಸ್ಬುಟ್ಟ ಅಂಬಿಗ. ಅಜ್ಜಿ ಆಂಜನೇಯ, ಆಂಜನೇಯ ಅಂತ ಕಿರುಚ್ಕೊಳದು." ಹೇಳುತ್ತಿರುವಾಗಲೇ ಅವಳ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬೆಟ್ಟಮ್ಮ. ನಾಳೆ ಮೊಮ್ಮಗಳು ರೈಲಿನಲ್ಲಿ ಇರುತ್ತಾಳೆಂದು ಒಂದು ದಿನ ಮುಂಚೆಯೇ ಮಾಡಿದ್ದಳು.

ಆಶಾರಾಣಿಯ ಕಾಲು ತಾನಾಗಿ ಹಡಗಿನ ಇನ್ನೊಂದು ಬದಿಗೆ ಹೊರಟಿತು.

"ಎಲ್ಗೋಯ್ತೀಯ? ಇಲ್ಲೇ ನಿಂತ್ಕೊ," ಅಂದಳು ಶ್ವೇತ, ಅವಳ ಕೋಟಿನ ತುದಿ ಹಿಡಿದು.

ಫೋನಿನಲ್ಲಿ ಬೆಟ್ಟಮ್ಮನ ಸುಕ್ಕಿನ ಮುಖ, ಹಣೆಯ ಮೇಲೆ ದೊಡ್ಡ ಕುಂಕುಮ. "ಅದ್ಯಾವ ಒಳೆಯವ್ವ ಅದು, ಎಲ್ಲಿದ್ದೀರ ನೀವು?"

"ಥೇಮ್ಸ್ ಕಣಜ್ಜಿ. ಅಡಗಲ್ಲಿವ್ನಿ. ಅಜ್ಜಿ, ಇವ್ಳು ಆಶಾರಾಣಿ."

"ಕಾಣ್ತಾವ್ಳೆ. ನಮ್ಮೋರ ಮಗಿ, ಬಸರಾಳು ಕಡೆ ಅಂದಿದ್ಯಲ್ಲ."

"ಸುಳ್ ಯೋಳಿದ್ದೆ ಕಣಜ್ಜಿ. ನಮ್ಮೋರಲ್ಲ. ಅವ್ರು ಕಾಲೋನಿಯೋರು."

"ಏನಂದೆ? ಗಾಳಿ ಸದ್ದು, ಕೇಳಕ್ಕಿಲ್ಲ."

ಶ್ವೇತ ಒಂದು ಸಲ ಆಶಾರಾಣಿಯ ಮುಖ ನೋಡಿದಳು. ಆಮೇಲೆ ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಇದ್ದಷ್ಟು ಉಸಿರನ್ನೂ ಸೇರಿಸಿ ಕೂಗಿದಳು. "ನಮ್ಮೋರಲ್ಲ ಅಜ್ಜೀ! ಅವ್ರು ಕಾಲೋನಿಯೋರೂ! ಅವ್ರಪ್ಪ ಬಸ್ ಡ್ರೈವರೂ! ನಾನು ಸುಳ್ ಯೋಳಿದ್ದೇ!" ಸಿಮೆಂಟ್ ಲಾರಿಯ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ನದಿಯ ಮೇಲಿದ್ದ ಕಡಲಹಕ್ಕಿಗಳು ಎದ್ದು ಹಾರಿದವು.

ಬೆಟ್ಟಮ್ಮನ ಬಾಯಿಯಲ್ಲಿ ಎಲೆಅಡಿಕೆ ಮಾತ್ರ ಆಡುತ್ತಿತ್ತು.

"ಇಷ್ಟ್ ದಿನಾನೂ ಅವಳ ಕೈಲಿ ಉಂಡ್ಯಾ?"

"ಉಂಡಿವ್ನಿ. ಅವ್ಳೂ ನನ್ ಕೈಲಿ ಉಂಡವ್ಳೆ."

"ಇದ್ನ ಈಗ್ ಯಾಕ್ ಯೋಳ್ತೀಯ? ನಾಳಿಕ್ ಬುಟ್ಟೋಯ್ತೀಯಲ್ಲ."

"ಬುಟ್ಟೋಯ್ತೀನಲ್ಲ ಅಜ್ಜಿ, ಅದ್ಕೇಯ."

"ಅವಳ ಕೈಗ್ ಕೊಡು," ಅಂದಳು ಬೆಟ್ಟಮ್ಮ.

ಆಶಾರಾಣಿ ಫೋನು ತೆಗೆದುಕೊಂಡಳು. ಗಾಳಿಗೆ ಬೆನ್ನು ಕೊಟ್ಟು ಅದನ್ನು ಮುಖದ ಮುಂದೆ ಹಿಡಿದಳು.

"ಏನವ್ವ."

"ಅಜ್ಜಿ."

"ನನ್ ಮೊಮ್ಮಗ್ಳಿಗೆ ಬಸ್ಸಾಗಕ್ಕಿಲ್ಲ. ವಾಂತಿ ಮಾಡ್ಕತಾಳೆ. ಗೊತ್ತೇನು ನಿಂಗೆ?"

"ಗೊತ್ತು ಕಣಜ್ಜಿ. ಇವತ್ ಮೂರ್ ಬಸ್ ಅತ್ತವ್ಳೆ. ಒಂದ್ಸಲಾನೂ ಆಗ್ನಿಲ್ಲ."

"ಮೂರಾ?" ಬೆಟ್ಟಮ್ಮನ ಹುಬ್ಬು ಮೇಲೇರಿತು. "ಎಂಗೆ?"

"ನಮ್ಮಪ್ಪ ಯೋಳ್ಕೊಟ್ಟಿದ್ದು. ಪಕ್ಕಕ್ ನೋಡ್ಬಾರ್ದು, ದೂರಕ್ ನೋಡ್ಬೇಕು ಅಂತ."

"ಊಂ," ಅಂದಳು ಬೆಟ್ಟಮ್ಮ. ಎಲೆಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೊರಳಿತು. ಫೋನು ಕಟ್ಟಾಯಿತು.

ಬೈಗುಳವಿಲ್ಲ, ಹಾರೈಕೆಯೂ ಇಲ್ಲ. ಅವಳ ಮನಸ್ಸಿನಲ್ಲಿ ಏನಿತ್ತೋ ಇಬ್ಬರಿಗೂ ತಿಳಿಯಲಿಲ್ಲ. ಶ್ವೇತಳ ತುಟಿಯ ಮೇಲೆ ತಡೆಯಲಾರದ ನಗು. "ನಮ್ಮಪ್ಪನ್ಗೂ ಇಷ್ಟೊತ್ಗೆ ಗೊತ್ತಾಗಿರ್ತದೆ. ಮನೇಲಿ ಏನಾಯ್ತದೋ ಏನೋ." ಆಮೇಲೆ ಆಶಾರಾಣಿಯ ಕಡೆ ತಿರುಗಿದಳು. "ತಪ್ಪಾಯ್ತು ಕಣೆ. ಅವತ್ತೇ ಯೋಳ್ಬೇಕಾಗಿತ್ತು."

"ಯೋಳ್ಬೇಕಾಗಿತ್ತು," ಅಂದಳು ಆಶಾರಾಣಿ. ಅವಳು ಅದನ್ನು ಪರವಾಗಿಲ್ಲ ಎಂದು ತೇಲಿಸಿಬಿಡಲಿಲ್ಲ. ಆದರೆ ಶ್ವೇತಳ ಕೈಯನ್ನು ಕಂಬಿಯ ಮೇಲೆ ತನ್ನ ಕೈಯಿಂದ ಒತ್ತಿ ಹಿಡಿದಳು.

ಹಡಗು ಆಚೆ ದಡಕ್ಕೆ ತಾಗಿತು. ಕಬ್ಬಿಣದ ಸೇತುವೆ ದಡಾರನೆ ಇಳಿದು ಲಾರಿಗಳು ಹೊರಟವು.

"ಆಶಾ, ಇನ್ನೊಂದ್ಸಲ ಓಗ್ಬೋದಾ?"

"ಓಗ್ಬೋದು. ಇಳ್ದು ಮತ್ತೆ ಅತ್ತಬೇಕು."

ಇಳಿದು ಮತ್ತೆ ಹತ್ತಿದರು. ವೂಲಿಚ್ಚಿಗೆ ಹೋಗಿ, ಮತ್ತೆ ಇಳಿದು, ಮತ್ತೆ ಹತ್ತಿದರು. ಮೂರನೆಯ ಸಲ ಹಡಗಿನ ಕೆಲಸದವನು ಇವರನ್ನು ಗುರುತು ಹಿಡಿದು ಟೋಪಿ ಎತ್ತಿದ. ಲೇಟನ್ನಿಗೆ ಹೋಗಲು ಇನ್ನೆರಡು ಬಸ್ಸು. ಎರಡರಲ್ಲೂ ಶ್ವೇತ ಓಡಿ ಹೋಗಿ ಮುಂದೆ ಕೂತಳು.

ಭಾನುವಾರ ಬೆಳಗ್ಗೆ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದಲ್ಲಿ ಜನವೋ ಜನ. ಎರಡು ಸೂಟ್‌ಕೇಸು, ಒಂದು ಕೈಚೀಲ, ಉಳಿದಿದ್ದ ರಾಗಿ ಹಿಟ್ಟಿನಲ್ಲಿ ಅರ್ಧ. ಶ್ವೇತಳ ಅಪ್ಪ ಜಯಪ್ರಕಾಶನಿಂದ ಬೆಳಗ್ಗೆ ಒಂದೇ ಒಂದು ಮೆಸೇಜು ಬಂದಿತ್ತು. ಅವಳು ಅದನ್ನು ತೋರಿಸಿದಳು: "ರೈಲು ಎಷ್ಟು ಗಂಟೆಗೆ?"

"ಇಷ್ಟೇ ಕಣೆ. ಬೈದಿಲ್ಲ. ಇನ್ನೇನೂ ಬರ್ದಿಲ್ಲ."

"ಹತ್ ಗಂಟೆಗೆ ಅಂತ ಬರಿ. ಮಿಕ್ಕಿದ್ದು ಆಮೇಲ್ ನೋಡ್ಕೊ," ಅಂದಳು ಆಶಾರಾಣಿ.

ಸೂಟ್‌ಕೇಸುಗಳನ್ನು ಮೇಲೇರಿಸಿ, ಸೀಟು ಹುಡುಕಿ, ಕಿಟಕಿ ಯಾವ ಕಡೆಯದೆಂದು ನೋಡಿ, ಆಶಾರಾಣಿ ಪ್ಲಾಟ್‌ಫಾರ್ಮಿಗೆ ಇಳಿದಳು. ಶ್ವೇತ ಬಾಗಿಲಿನಲ್ಲಿ ನಿಂತಳು.

"ಒಲೆ ಆರ್ಸದ್ ಮರೀಬ್ಯಾಡ," ಅಂದಳು ಶ್ವೇತ.

"ನೀನು ಸ್ವೆಟರ್ ಹಾಕ್ಕೊ. ಅಲ್ಲಿ ಜೂನಲ್ಲೂ ಚಳಿಯಂತೆ."

"ಉಂ. ಓಯ್ತೀನಿ ಕಣೆ."

"ಓಯ್ತೀನಿ ಅನ್ಬಾರ್ದು. ಬತ್ತೀನಿ ಅನ್ನು."

"ಬತ್ತೀನಿ," ಅಂದಳು ಶ್ವೇತ. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಅವಳು ಅಳುತ್ತ ನಗುತ್ತ ಕೈ ಬೀಸಿದಳು. ರೈಲು ಸದ್ದಿಲ್ಲದೆ ಜಾರಿ ಹೋಯಿತು. ಆಶಾರಾಣಿ ಕೊನೆಯ ಡಬ್ಬಿ ಕಣ್ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ಮೂಗು ಒರೆಸಿಕೊಂಡಳು.

ಮನೆಗೆ ಬಂದಳು. ಮುಂದಿನ ವಾರ ಶ್ವೇತಳ ಕೋಣೆಗೆ ಕೆನ್ಯಾದ ವಿದ್ಯಾರ್ಥಿನಿಯೊಬ್ಬಳು ಬರುವವಳಿದ್ದಳು. ಕಿಟಕಿ ತೆರೆದು, ನೆಲ ಗುಡಿಸಿ, ಹಾಸಿಗೆಯ ಹೊದಿಕೆ ಕೊಡವುತ್ತಿದ್ದಾಗ ಫೋನು ಹೊಡೆದುಕೊಂಡಿತು. ಎರಡು ಗಂಟೆಗೆ ಹತ್ತು ನಿಮಿಷ ಇತ್ತು.

"ಆಶಾ! ಆಶಾ! ಸಮುದ್ರ ಕಣೆ!"

ಫೋನಿನ ತುಂಬ ನೀಲಿ. ರೈಲು ಕಡಲ ಬಂಡೆಗಳ ಅಂಚಿನಲ್ಲೇ ಓಡುತ್ತಿತ್ತು. ಹಸಿರು ಹುಲ್ಲು, ಹುಲ್ಲಿನ ಮೇಲೆ ಬಿಳಿ ಚುಕ್ಕಿಗಳ ಹಾಗೆ ಕುರಿಮಂದೆ, ಅದರ ಕೆಳಗೆ ನೊರೆ ಉಕ್ಕಿಸುವ ಸಮುದ್ರ.

"ಕುರಿ ನೋಡೆ, ಸಮುದ್ರದ ದಡದಲ್ಲಿ ಮೇಯ್ತಾವೆ! ಯಾರೂ ಯೋಳೇ ಇಲ್ವಲ್ಲೇ ಇದ್ನ ನಂಗೆ! ನಿಂಗ್ ಗೊತ್ತಿತ್ತಾ?"

"ನಂಗೂ ಗೊತ್ತಿರ್ಲಿಲ್ಲ ಕಣೆ," ಅಂದಳು ಆಶಾರಾಣಿ. ಅದು ನಿಜ. ಇವಳು ಕಾಣದ್ದನ್ನು ಶ್ವೇತ ಮೊದಲು ಕಂಡಿದ್ದಳು. "ಸರಿಯಾಗ್ ಇಡ್ಕೊಳೆ ಫೋನ್ನ, ಅಲ್ಲಾಡಿಸ್ಬ್ಯಾಡ!"

"ಯಾವಾಗ್ ಬತ್ತೀಯ ನೀನು? ಆಗಸ್ಟಲ್ಲಿ ಬಾ. ಪರೀಕ್ಸೆ ಇಲ್ವಲ್ಲ ಆಗ? ಎಡಗಡೆ ಕೂತ್ಕೊಬ್ಯಾಡ, ಬಲಗಡೇನೇ ಕೂತ್ಕೊಬೇಕು, ತಿಳೀತಾ? ಅಯ್ಯೋ, ಸೇತುವೆ ಬಂತು, ಸೇತುವೆ! ಎಂಥಾ ಎತ್ರ! ಕೆಳಗ್ ನೋಡೆ ಆಶಾ, ಕೆಳಗ್ ನೋಡು!"

ಆಶಾರಾಣಿ ಹೊದಿಕೆಯನ್ನು ಕೆಳಗೆ ಬಿಟ್ಟು, ಫೋನನ್ನು ಎರಡು ಕೈಯಲ್ಲಿ ಕಣ್ಣಿಗೆ ಹತ್ತಿರ ಹಿಡಿದು, ಬಗ್ಗಿ ನೋಡಿದಳು.